ಮನೆಯ ಚಾಕುವಿಗೆ ಮನೆಯಲ್ಲೇ ಸಾಣೆ

ಮೊಂಡಾದ ಚಾಕು ಹರಿತವಾದ ಚಾಕುವಿಗಿಂತ ಹೆಚ್ಚು ಅಪಾಯಕಾರಿ. ಅದು ತರಕಾರಿಯೊಳಗೆ ಸುಲಭವಾಗಿ ಇಳಿಯದ ಕಾರಣ ಬಲವಾಗಿ ಒತ್ತಬೇಕಾಗುತ್ತದೆ. ಒತ್ತಿದಾಗ ಜಾರಿ ಬೆರಳಿಗೆ ತಗಲುತ್ತದೆ. ಅಲ್ಪ ವೆಚ್ಚದಲ್ಲಿ ಈ ತೊಂದರೆಯನ್ನು ನಿವಾರಿಸಬಹುದು.

ಯಾವ ಕಲ್ಲು?

ಉಜ್ಜುವ ವಸ್ತು ಉಕ್ಕಿಗಿಂತ ಗಡಸಾಗಿರಬೇಕು. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಚಾಕುವಿನ ಉಕ್ಕು ಸುಮಾರು 5.5ರಿಂದ 6.5, ಬೆಣಚುಕಲ್ಲು 7. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಬಿಡಕಿನ್ ಸುತ್ತಮುತ್ತ ದೊರೆಯುವುದು ಕಪ್ಪು ಬಸಾಲ್ಟ್ ಶಿಲೆ. ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದಲ್ಲಿ, 8ನೆಯ ಶತಮಾನದಲ್ಲಿ, ಅದೇ ಜಿಲ್ಲೆಯ ಎಲ್ಲೋರದ ಕೈಲಾಸ ದೇವಾಲಯವನ್ನು ಕೊರೆದದ್ದೂ ಇಂತಹ ಶಿಲೆಯಲ್ಲೇ. ಆದರೆ ಇದರ ಖನಿಜಗಳ ಗಡಸುತನ ಉಕ್ಕಿನಷ್ಟೇ ಇರುವುದರಿಂದ ಸಾಣೆ ನಿಧಾನ. ಬಾದಾಮಿಯ ಗುಹೆಗಳಲ್ಲಿ ಕಾಣುವಂತಹ ಮರಳುಗಲ್ಲಿನಲ್ಲಿ ಬೆಣಚಿನ ಕಣಗಳಿರುವ ಕಾರಣ ಅದು ಉಕ್ಕನ್ನು ಸವೆಸುತ್ತದೆ.

ಕಲ್ಲಿಲ್ಲದಿದ್ದರೆ

1. ಪಿಂಗಾಣಿ ಬಟ್ಟಲು: ಬಟ್ಟಲನ್ನು ಒದ್ದೆ ಬಟ್ಟೆಯ ಮೇಲೆ ಬೋರಲು ಹಾಕಿರಿ. ತಳದ ಸುತ್ತಿನಲ್ಲಿ ಹೊಳಪಿಲ್ಲದೆ ಒರಟಾಗಿರುವ ಅಂಚೇ ಸಾಣೆಕಲ್ಲು.

2. ಎಮರಿ ಕಾಗದ: ನೀರಿನಲ್ಲಿ ಬಳಸುವ 400 ಮತ್ತು 1000 ಸಂಖ್ಯೆಯ ಹಾಳೆಗಳನ್ನು ಸಮತಟ್ಟಾದ ಹೆಂಚುಬಿಲ್ಲೆಯ ಮೇಲೆ ಜಾರದಂತೆ ಹರಡಿರಿ. ಮೊದಲು 400, ಅನಂತರ 1000. ಸಂಖ್ಯೆ ಹೆಚ್ಚಿದಷ್ಟೂ ಕಣ ಸೂಕ್ಷ್ಮ.

ವಿಧಾನ

ಅಲಗಿನ ಅಗಲದ ಮೂರರಲ್ಲೊಂದು ಭಾಗದಷ್ಟು ಚಾಕುವಿನ ಬೆನ್ನನ್ನು ಎತ್ತಿ ಹಿಡಿದರೆ ಸುಮಾರು 20 ಡಿಗ್ರಿ ಕೋನ ದೊರೆಯುತ್ತದೆ. ನೀರು ಹಚ್ಚಿ, ಹಗುರವಾಗಿ, ಹಿಡಿಯ ಬಳಿಯಿಂದ ತುದಿಯವರೆಗೆ ಎಳೆಯಿರಿ. ಕಾಗದದ ಮೇಲೆ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೆಯುವುದು ಸರಿ. ಇಲ್ಲವಾದರೆ ಕಾಗದ ಹರಿಯುತ್ತದೆ. ಒಂದು ಪಕ್ಕ ಉಜ್ಜಿದಾಗ ಇನ್ನೊಂದು ಪಕ್ಕದ ಬಾಯಿಯಲ್ಲಿ ಸಣ್ಣ ಒರಟು ಅಂಚು ಏಳುತ್ತದೆ. ಅದು ಉದ್ದಕ್ಕೂ ಎದ್ದ ಮೇಲೆ ಪಕ್ಕ ಬದಲಿಸಿರಿ. ಕೊನೆಗೆ ಎರಡೂ ಪಕ್ಕಗಳನ್ನು ಒಂದೊಂದು ಬಾರಿ ಮೆಲ್ಲಗೆ ಎಳೆದರೆ ಆ ಅಂಚು ಉದುರುತ್ತದೆ.

ಎಚ್ಚರಿಕೆ

ಹರಿತವನ್ನು ಬೆರಳಿನಿಂದ ಪರೀಕ್ಷಿಸಬಾರದು. ಟೊಮೇಟೊ ಸಿಪ್ಪೆ ಒತ್ತಡವಿಲ್ಲದೆ ಸೀಳಿದರೆ ಸಾಕು. ಗರಗಸದಂತೆ ಹಲ್ಲುಳ್ಳ ಚಾಕುಗಳಿಗೆ ಈ ವಿಧಾನ ಸಲ್ಲದು. ವೇಗವಾಗಿ ತಿರುಗುವ ಚಕ್ರಕ್ಕೆ ಒಣದಾಗಿ ಒತ್ತಿದರೆ ಉಕ್ಕು ಕಾದು ನೀಲಿಯಾಗಿ ಹದ ಕಳೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅಲಗನ್ನು ತೊಳೆದು, ಒರೆಸಿ, ಮಕ್ಕಳ ಕೈಗೆ ಸಿಗದಂತೆ ಇಡಿರಿ. ಗಾಯವಾದರೆ ಶುದ್ಧ ನೀರಿನಿಂದ ತೊಳೆದು, ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಗಾಯ ಆಳವಾಗಿದ್ದರೆ ಅಥವಾ ಚಾಕು ತುಕ್ಕು ಹಿಡಿದಿದ್ದರೆ ವೈದ್ಯರನ್ನು ಕಂಡು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿರಿ.