ತ್ರೀ ನಾಟ್ ತ್ರೀ: ಹಳೆಯ ರೈಫಲನ್ನು ಓದುವ ಬಗೆ

ಎನ್‌ಸಿಸಿಯಲ್ಲಿ ಕವಾಯತು ಮಾಡಿದವರ ಮುಂದೆ ‘ತ್ರೀ ನಾಟ್ ತ್ರೀ’ ಎಂದು ನೋಡಿ, ಕೈ ತಾನಾಗಿ ಭುಜಕ್ಕೆ ಹೋಗುತ್ತದೆ. ಸುಮಾರು ನಾಲ್ಕು ಕೆ.ಜಿ. ತೂಕದ, ನಾಲ್ಕಡಿಗೆ ತುಸು ಕಡಿಮೆ ಉದ್ದದ ರೈಫಲ್ ಅದು. ಸೇನೆ ಕೈಬಿಟ್ಟ ಇಂಥ ರೈಫಲ್‌ಗಳನ್ನು ಹುಡುಕಿ ಕೊಂಡು ಜೋಪಾನ ಮಾಡುವವರು ಇಂಗ್ಲೆಂಡ್, ಕೆನಡಾ, ಅಮೆರಿಕಗಳಲ್ಲಿ ಬಹಳ ಮಂದಿ ಇದ್ದಾರೆ. ಸವೆದ ಉಕ್ಕು, ಗೀರು ಬಿದ್ದ ಮರದ ಮೇಲೆ ಅಷ್ಟೊಂದು ಅಕ್ಕರೆ ಯಾಕೆ? ಈ ಒಂದು ರೈಫಲನ್ನೇ ಹಿಡಿದು ತಿಳಿಯೋಣ.

ಮೊದಲು ಹೆಸರು. ಇದರ ನಿಜನಾಮ ಲೀ-ಎನ್‌ಫೀಲ್ಡ್. ಬೋಲ್ಟು, ಮ್ಯಾಗಜಿನ್ ರೂಪಿಸಿದವರು ಜೇಮ್ಸ್ ಪ್ಯಾರಿಸ್ ಲೀ. ಎನ್‌ಫೀಲ್ಡ್ ಎಂಬುದು ಬ್ರಿಟಿಷ್ ಸರ್ಕಾರದ ಬಂದೂಕು ಕಾರ್ಖಾನೆ ಇದ್ದ ಊರು. ನಳಿಗೆಯ ಅಳತೆ 0.303 ಇಂಚು, ಜನ ಆ ಅಂಕಿಯನ್ನೇ ಹೆಸರು ಮಾಡಿಕೊಂಡರು. 1895ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಇದು ಎರಡೂ ಮಹಾಯುದ್ಧಗಳನ್ನು ಕಂಡಿತು. ಭಾರತೀಯ ಸೈನಿಕರೂ ಇದನ್ನೇ ಹಿಡಿದು ಹೋರಾಡಿದರು.

1950ರ ದಶಕದಲ್ಲಿ ಬ್ರಿಟಿಷ್ ಸೇನೆ ಹೊಸ ರೈಫಲಿಗೆ ಬದಲಾದಾಗ ಹಳೆಯವು ರಾಶಿಬಿದ್ದವು. ಅವನ್ನು ಅಗ್ಗದ ಬೆಲೆಗೆ ಮಾರಿದರು. ಅಮೆರಿಕದಲ್ಲಂತೂ ಅಂಚೆಯಲ್ಲೇ ತರಿಸಿಕೊಳ್ಳಬಹುದಿತ್ತು. 1968ರ ಕಾನೂನು ಅದನ್ನು ನಿಲ್ಲಿಸಿತು. ಅಂದು ಬೇಟೆಗೆಂದು ಕೊಂಡ ಎಷ್ಟೋ ರೈಫಲ್‌ಗಳು ಇಂದು ಮೊಮ್ಮಕ್ಕಳ ಕೈಯಲ್ಲಿ ತಾತನ ನೆನಪಾಗಿ ಉಳಿದಿವೆ.

ಈಗ ಓದಲು ಕಲಿಯೋಣ. ಹಿಂಬದಿಯ ಮರ ಉಕ್ಕಿಗೆ ಕೂಡುವಲ್ಲಿ, ಮುಷ್ಟಿ ಹಿಡಿಯುವ ಜಾಗದಲ್ಲಿ, ಸಣ್ಣ ಅಕ್ಷರಗಳ ಅಚ್ಚುಗಳಿರುತ್ತವೆ: ಕಾರ್ಖಾನೆ, ಇಸವಿ, ಮಾದರಿ. ‘ಮಾರ್ಕ್ 3’ರ ಮುಂದೆ ನಕ್ಷತ್ರವಿದ್ದರೆ, ಮೊದಲ ಮಹಾಯುದ್ಧದ ತುರ್ತಿನಲ್ಲಿ ಕೆಲವು ಭಾಗಗಳನ್ನು ಕೈಬಿಟ್ಟು ಸರಳಗೊಳಿಸಿದ ಮಾದರಿ ಎಂದರ್ಥ. ಬಳಿಕ ಸಂಖ್ಯೆ ನೋಡಿ. ಬೋಲ್ಟಿನ ಮೇಲೂ ಒಡಲಿನ ಮೇಲೂ ಒಂದೇ ಸಂಖ್ಯೆ ಇದ್ದರೆ ಅವೆರಡೂ ಒಂದಕ್ಕೊಂದು ಹೊಂದಿಸಿದ ಜೋಡಿ. ಸಂಗ್ರಾಹಕರು ಇದಕ್ಕೆ ಹೆಚ್ಚು ಬೆಲೆ ಕಟ್ಟುತ್ತಾರೆ.

ಬಂಗಾಳದ ಇಷಾಪುರ ಕಾರ್ಖಾನೆಯ ರೈಫಲ್‌ಗಳಲ್ಲಿ ನನ್ನ ಮನಸ್ಸು ಹಿಡಿಯುವ ಗುರುತು ಇನ್ನೊಂದಿದೆ. 1942ರದ್ದಾದರೆ ಕಿರೀಟ, ಅದರಡಿ ಚಕ್ರವರ್ತಿಯ ಹೆಸರಿನ ಅಕ್ಷರಗಳು. ಗಣರಾಜ್ಯವಾದ ಮೇಲೆ ಮಾಡಿದ್ದಾದರೆ ಕಿರೀಟದ ಬದಲು ಅಶೋಕ ಸ್ತಂಭದ ಸಿಂಹಗಳು. ಕಾರ್ಖಾನೆ ಅದೇ, ರೈಫಲೂ ಅದೇ. ದೇಶ ಬದಲಾದದ್ದು ಬೆರಳಗಲದ ಉಕ್ಕಿನ ಮೇಲೆ ಕಾಣುತ್ತದೆ.

ಕೊಡಗನ್ನು ಬಲ್ಲವರಿಗೆ ಈ ಅಕ್ಕರೆ ಹೊಸತಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗೆ ‘ತೋಕ್ ಪೂ’ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಅಲ್ಲಿ ಕೋವಿ ಹಿರಿಯರಿಂದ ಬಂದ ಮನೆಯ ಗೌರವ. ಪರದೇಶದ ಸಂಗ್ರಾಹಕ ತನ್ನ ಲೀ-ಎನ್‌ಫೀಲ್ಡ್ ಒರೆಸುವಾಗ ಅವನ ಮನಸ್ಸಿನಲ್ಲಿರುವುದೂ ಇಂಥದೇ ಗೌರವ.

ಹೊಸಬರಿಗೆ ಮೂರು ಎಚ್ಚರಿಕೆಗಳು. ಒಂದು, ಯಾವುದೇ ಬಂದೂಕು ಕೈಗೆ ಬಂದರೂ ತೋಟಾ ಇಲ್ಲವೆಂದು ಮೊದಲು ಕಣ್ಣಾರೆ ಖಚಿತಪಡಿಸಿಕೊಳ್ಳಿ. ಎರಡು, ಪರವಾನಗಿ ಉಳ್ಳವರೂ ಪರಿಣತರಿಗೆ ತೋರಿಸದೆ ಹಳೆಯ ರೈಫಲಿನಿಂದ ಗುಂಡು ಹಾರಿಸಬಾರದು. 1960ರ ದಶಕದ ಇಷಾಪುರದ ‘2ಎ’ ನೋಡಲು ತ್ರೀ ನಾಟ್ ತ್ರೀಯಂತೆಯೇ ಇದ್ದರೂ ಅದರ ತೋಟಾ 7.62 ಮಿ.ಮೀ.ನದು, ಅದಲುಬದಲಾದರೆ ಅಪಾಯ. ಮೂರು, ನಮ್ಮ ದೇಶದಲ್ಲಿ .303 ನಿಷೇಧಿತ ಬೋರ್. ಸಾಮಾನ್ಯ ಪರವಾನಗಿಯಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ನಮಗೆ ವಸ್ತುಸಂಗ್ರಹಾಲಯವೇ ಸರಿಯಾದ ಜಾಗ.

ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ ಈ ರೈಫಲಿಗೆ ಬೀಳ್ಕೊಡುಗೆ ಕೊಟ್ಟರು. ಇದನ್ನು ಹೊತ್ತು ದುಡಿದವರು ನಿಮ್ಮ ಮನೆಯಲ್ಲೂ ಇರಬಹುದು: ನಿವೃತ್ತ ಹವಾಲ್ದಾರ್ ದೊಡ್ಡಪ್ಪ, ಪೊಲೀಸ್ ಕೆಲಸದಲ್ಲಿದ್ದ ಸೋದರಮಾವ. ರೈಫಲಿನ ಮೇಲಿನ ಅಚ್ಚನ್ನು ನಾಳೆಯೂ ಓದಬಹುದು, ಅವರ ನೆನಪು ಹಾಗೆ ಕಾದಿರುವುದಿಲ್ಲ. ಇವತ್ತೇ ಹೋಗಿ ಅವರ ಪಕ್ಕದಲ್ಲಿ ಕೂತು ಕೇಳಿ, ಬರೆದಿಟ್ಟುಕೊಳ್ಳಿ.