ಕರಡಿ ಗುಡ್ಡ, ತುಂಗಭದ್ರೆ ದಂಡೆ: ಎರಡು ದಿನದ ಬಿಡುವಿಗೆ ಹೀಗೆ ಹೊರಡಿ

ಗುಡ್ಡದ ಮಗ್ಗುಲಲ್ಲಿ ಒಂದು ಸಣ್ಣ ಮನೆ, ಹತ್ತಿರದಲ್ಲೇ ಹೊಳೆ, ಫೋನ್ ಗಲಾಟೆ ಇಲ್ಲದ ಎರಡು ದಿನ. ಇಂಥ ಆಸೆ ಹುಟ್ಟಿದ ಕೂಡಲೇ ದಾಂಡೇಲಿಗೋ ಕೊಡಗಿಗೋ ಹೊರಟರೆ ನಮ್ಮ ಕಡೆಯವರ ಅರ್ಧ ರಜೆ ದಾರಿಯಲ್ಲೇ ಕಳೆಯುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಎಲ್ಲೆಯೊಳಗೇ ಅಡವಿಯೂ ಇದೆ, ತುಂಗಭದ್ರೆಯೂ ಇದ್ದಾಳೆ. ಮಲೆನಾಡಿನ ದಟ್ಟ ಹಸಿರನ್ನು ಮಾತ್ರ ಇಲ್ಲಿ ಕೇಳಬಾರದು. ಇಲ್ಲಿನದು ಬಂಡೆಗುಡ್ಡ, ಕುರುಚಲು ಕಾಡು, ಕರಡಿ ಓಡಾಡುವ ನೆಲ. ಆದ್ದರಿಂದ ಈ ಪ್ರವಾಸದ ಟೈಮ್‌ಟೇಬಲ್ ಹಾಕುವವರು ನೀವಲ್ಲ. ಕರಡಿ ಹೊರಬೀಳುವ ಹೊತ್ತು, ಹಕ್ಕಿ ಏಳುವ ಹೊತ್ತು, ಹೊಳೆಯ ನೀರಿನ ಮಟ್ಟ, ಬಿಸಿಲು ಈ ನಾಲ್ಕನ್ನು ನೋಡಿಕೊಂಡು ಹೊರಟರೆ ಪ್ರವಾಸ ಸುಸೂತ್ರ.

1. ತಿಂಗಳು ಆರಿಸಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಬಂಡೆ ಕಾದು ಹತ್ತು ಗಂಟೆಯ ಮೇಲೆ ಗುಡ್ಡದಲ್ಲಿ ನಿಲ್ಲಲಾಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹೊಳೆ ತುಂಬಿ ಹರಿಯುವುದರಿಂದ ದೂರದಿಂದ ನೋಡುವುದಷ್ಟೇ ಸರಿ. ಇನ್ನೊಂದು ಮಾತು: ಭಾರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಕಾರಣಿಕ, ಅದೇ ಆಸುಪಾಸಿನಲ್ಲಿ ಕೊಟ್ಟೂರೇಶ್ವರನ ತೇರು. ಜಾತ್ರೆಗೇ ಹೋಗುವವರಿಗೆ ಅದು ಸುಗ್ಗಿ. ಏಕಾಂತ ಬೇಕೆನ್ನುವವರು ಪಂಚಾಂಗ ನೋಡಿ ಆ ದಿನಗಳನ್ನು ಬಿಡಿ.

2. ಉಳಿಯುವ ಜಾಗ ಮೊದಲು ಗೊತ್ತುಮಾಡಿ

ಬಂಡೆಗಳ ನಡುವಿನ ಕಾಟೇಜೇ ಬೇಕೆಂದರೆ ಕಮಲಾಪುರದಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ರೆಸಾರ್ಟ್ ಇದೆ. ಅಲ್ಲಿಂದ ದರೋಜಿ ಕರಡಿಧಾಮವೂ ಹತ್ತಿರ. ವಾರಾಂತ್ಯಕ್ಕೆ ಬಹಳ ಮುಂಚೆಯೇ ಬುಕ್ ಮಾಡಬೇಕು. ಖರ್ಚು ಕಡಿಮೆ ಇರಲಿ ಎನ್ನುವವರು ತಾಲ್ಲೂಕು ಕೇಂದ್ರದ ಪ್ರವಾಸಿ ಮಂದಿರಕ್ಕೆ ಮೊದಲೇ ಅನುಮತಿ ಕೇಳಿ, ಇಲ್ಲವೇ ಲಾಡ್ಜ್ ನೋಡಿಕೊಳ್ಳಿ.

ನಿಜವಾದ ಹಳ್ಳಿ ವಾಸ ಬೇಕಿದ್ದರೆ ನೆಂಟರ, ಗೆಳೆಯರ ತೋಟದ ಮನೆಯೇ ಸೈ. ಹಳೆಯ ಮಣ್ಣಿನ ಮಾಳಿಗೆ ಮನೆ ಸಿಕ್ಕರೆ ಬಿಡಬೇಡಿ. ಮೊಳ ದಪ್ಪದ ಗೋಡೆ, ಜಂತಿಯ ಮೇಲೆ ಹಾಸಿದ ಮಣ್ಣು ಹಗಲಿನ ಕಾವನ್ನು ಒಳಗೆ ಬಿಡುವುದಿಲ್ಲ. ಹೋಗುವ ಮುಂಚೆ ಮನೆಯವರನ್ನು ಇಷ್ಟು ಕೇಳಿ: ಕುಡಿಯುವ ನೀರು ಎಲ್ಲಿಂದ? ಶೌಚಾಲಯ ಇದೆಯೇ? ರಾತ್ರಿ ಸಿಂಗಲ್ ಫೇಸ್ ಕರೆಂಟಾದರೂ ಇರುತ್ತದೆಯೇ? ಆ ತೋಟದ ಸುತ್ತ ಕರಡಿ, ಚಿರತೆ ಸುಳಿದದ್ದುಂಟೇ? ಕೊನೆಯ ಪ್ರಶ್ನೆಗೆ ‘ಹೌದು’ ಎಂದರೆ ಮಾಳಿಗೆ ಮೇಲೆ ಮಲಗುವ ಆಸೆ ಬಿಟ್ಟು ಒಳಗೆ ಚಿಲಕ ಹಾಕಿಕೊಂಡು ಮಲಗಿ.

3. ಮೊದಲ ದಿನ: ಗುಡೇಕೋಟೆ, ಬೆಳಕಿರುವಾಗಲೇ

ಕೂಡ್ಲಿಗಿಯಲ್ಲಿ ತಿಂಡಿ ಮುಗಿಸಿ ಗುಡೇಕೋಟೆಗೆ ಹೊರಡಿ. ಬಂಡೆಯ ಮೇಲೆ ಬಂಡೆ ಪೇರಿಸಿದಂತಿರುವ ಗುಡ್ಡ, ಅದರ ಸಂದುಗಳನ್ನೇ ಬಳಸಿ ಕಟ್ಟಿದ ಪಾಳೇಗಾರರ ಕೋಟೆ. ಒನಕೆ ಓಬವ್ವನ ತವರು ಇದೇ ಎಂದು ಇಲ್ಲಿನವರು ಹೇಳುತ್ತಾರೆ. ಕೋಟೆ ಹತ್ತಿ ಇಳಿಯುವ ಕೆಲಸವನ್ನು ಹನ್ನೊಂದರೊಳಗೆ ಮುಗಿಸಿ.

ಇಲ್ಲಿನ ಅರಣ್ಯವನ್ನು 2013ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಬಂಡೆಗಳ ಪೊಟರೆ ಕರಡಿಗೆ ಹಗಲಿನ ಮನೆ. ಸಂಜೆ ತಂಪಾದ ಮೇಲೆ ಅದು ಗೆದ್ದಲು, ಜೇನು, ಕಾರೆ, ಬಾರೆ ಹಣ್ಣು ಹುಡುಕಿಕೊಂಡು ಹೊರಬೀಳುತ್ತದೆ. ಕಿತ್ತಾಡಿದ ಹುತ್ತ ಕಂಡರೆ, ಮಣ್ಣು ಹಸಿಯಾಗಿದ್ದರೆ, ಅಲ್ಲಿಂದ ಮುಂದೆ ಹೋಗದೆ ವಾಪಸ್ ತಿರುಗಿ.

ಕರಡಿ ಕಣ್ಣಿಗೆ ಬೀಳಲೇಬೇಕು ಎನ್ನುವವರಿಗೆ ದರೋಜಿಯೇ ಸರಿ. 1994ರಲ್ಲಿ ಘೋಷಣೆಯಾದ ಆ ಧಾಮದಲ್ಲಿ ಸಂಜೆ ವೀಕ್ಷಣಾ ಗೋಪುರದ ಮೇಲೆ ಕೂತು, ಎದುರಿನ ಬಂಡೆಗಳ ಮೇಲೆ ಮರಿಯನ್ನು ಬೆನ್ನ ಮೇಲೆ ಹೊತ್ತು ಬರುವ ತಾಯಿಯನ್ನು ದುರ್ಬೀನಿನಲ್ಲಿ ನೋಡಬಹುದು. ಗುಡೇಕೋಟೆಯ ಪೊದೆಗಳಲ್ಲಿ ನೀವೇ ಹುಡುಕಿಕೊಂಡು ಹೋಗುವುದು ಅಪಾಯ, ಅನುಮತಿ ಇಲ್ಲದೆ ಕಾಡು ಹೊಕ್ಕರೆ ಅಪರಾಧ ಕೂಡ.

ಆಕಸ್ಮಿಕವಾಗಿ ಎದುರಾದರೆ: ಕಲ್ಲೆಸೆಯಬೇಡಿ, ಕೂಗಿ ಕೆಣಕಬೇಡಿ, ಬೆನ್ನು ತೋರಿಸಿ ಓಡಬೇಡಿ. ಮುಖ ಅದರ ಕಡೆಗಿಟ್ಟು ಮೆಲ್ಲಗೆ ಹಿಂದೆ ಸರಿಯಿರಿ. ಮರ ಹತ್ತಿದರೆ ಉಳಿದೆವೆಂದು ಭಾವಿಸಬೇಡಿ, ಕರಡಿಯೂ ಹತ್ತುತ್ತದೆ. ತಾಯಿ ಮತ್ತು ಮರಿಯ ನಡುವೆ ಯಾವ ಕಾರಣಕ್ಕೂ ಸಿಕ್ಕಿಕೊಳ್ಳಬೇಡಿ.

4. ಸಂಜೆ: ಕತ್ತಲಿಗೆ ಮುಂಚೆ ಗೂಡು ಸೇರಿ

ಕೊಟ್ಟೂರಿನ ಮಂಡಕ್ಕಿ, ಮೆಣಸಿನಕಾಯಿ ತಿಂದು ಹಗರಿಬೊಮ್ಮನಹಳ್ಳಿ ಕಡೆ ಉಳಿಯುವಂತೆ ನೋಡಿಕೊಂಡರೆ ಮರುದಿನದ ದಾರಿ ಹಗುರ. ಹಂಚಿಕಡ್ಡಿ, ತೊಗರಿಕಟ್ಟಿಗೆ ಹಾಕಿ ಬೆಂಕಿ ಕಾಯಿಸುವುದಿದ್ದರೆ ಅಂಗಳದಲ್ಲೇ ಕಾಯಿಸಿ. ಚಳಿಗಾಲದಲ್ಲಿ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಉಳಿದ ಅನ್ನ, ಹಣ್ಣಿನ ಸಿಪ್ಪೆಯನ್ನು ಮನೆ ಹಿಂದೆ ಎಸೆಯಬೇಡಿ, ವಾಸನೆ ಹಿಡಿದು ಪ್ರಾಣಿ ಬರುತ್ತದೆ. ರಾತ್ರಿ ಹೊರಗೆ ಕಾಲಿಡುವಾಗ ಬ್ಯಾಟರಿ, ಮುಚ್ಚಿದ ಚಪ್ಪಲಿ ಕಡ್ಡಾಯ.

5. ಎರಡನೇ ದಿನ: ಸೂರ್ಯನಿಗಿಂತ ಮೊದಲು ಅಂಕಸಮುದ್ರ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ನೂರು ಹೆಕ್ಟೇರ್‌ಗೆ ಸ್ವಲ್ಪ ಕಡಿಮೆ ವಿಸ್ತಾರದ ಪಕ್ಷಿ ಸಂರಕ್ಷಿತ ಪ್ರದೇಶ. 2024ರ ಜನವರಿಯಲ್ಲಿ ಇದು ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನೀರಿನಲ್ಲೇ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆಗಳ ಹಿಂಡು. ಬೆಳಕು ಹರಿಯುವ ಹೊತ್ತಿಗೆ ಒಂದು ಮರದಿಂದ ಶುರುವಾದ ಗದ್ದಲ ಇಡೀ ಕೆರೆಗೆ ಹಬ್ಬಿ, ಗುಂಪು ಗುಂಪಾಗಿ ಹಕ್ಕಿಗಳು ಮೇವಿಗೆ ಹಾರುತ್ತವೆ. ಏಳೂವರೆಗೆ ಬಂದವರಿಗೆ ಇದರ ಅರ್ಧವೂ ಸಿಗುವುದಿಲ್ಲ.

ಏರಿ ಬಿಟ್ಟು ಕೆಳಗಿಳಿಯಬೇಡಿ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ, ಮೊಬೈಲ್ ಹಾಡು, ಡ್ರೋನ್ ಬೇಡ. ಗೂಡಿನಿಂದ ತಾಯಿ ಹೆದರಿ ಎದ್ದರೆ ಮೊಟ್ಟೆ, ಮರಿ ಬಿಸಿಲಿಗೂ ಕಾಗೆಗೂ ಸಿಗುತ್ತವೆ.

6. ಮಧ್ಯಾಹ್ನದ ನಂತರ: ಹೊಳೆ ದಂಡೆ

ಹಡಗಲಿ ತಾಲ್ಲೂಕಿನಲ್ಲಿ ಎರಡು ಜಾಗ ಹೇಳಬಹುದು. ಮದಲಗಟ್ಟಿಯಲ್ಲಿ ಹೊಳೆಯ ದಡದಲ್ಲೇ ಆಂಜನೇಯನ ಗುಡಿ. ಕುರುವತ್ತಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ದೇವಾಲಯ. ಅಲ್ಲಿನ ಕಂಬಗಳಿಗೆ ಆತುಕೊಂಡ ಮದನಿಕೆಯರನ್ನು ಕತ್ತೆತ್ತಿ ನಿಧಾನವಾಗಿ ನೋಡಿ, ಆಮೇಲೆ ದಂಡೆಗೆ ಹೋಗಿ. ಹರಪನಹಳ್ಳಿಯವರು ಬರುವಾಗಲೋ ಹೋಗುವಾಗಲೋ ಬಾಗಳಿಯ ಕಲ್ಲೇಶ್ವರ ಗುಡಿಯನ್ನು ಸೇರಿಸಿಕೊಳ್ಳಬಹುದು.

ನೀರಿಗೆ ಇಳಿಯುವ ಮುಂಚೆ ದಡದ ಮೀನುಗಾರರನ್ನೋ ಊರವರನ್ನೋ ಕೇಳುವುದು ಮೊದಲ ನಿಯಮ. ಮರಳು ತೆಗೆದ ಗುಂಡಿ ಮೇಲಿಂದ ಕಾಣುವುದಿಲ್ಲ, ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಆಳೆತ್ತರವಾಗುತ್ತದೆ. ಈ ಹೊಳೆಯಲ್ಲಿ ಮೊಸಳೆಯೂ ಇದೆ. ಇಲ್ಲಿ ಹನಿ ಮಳೆ ಬಾರದಿದ್ದರೂ ಶಿವಮೊಗ್ಗ ಕಡೆ ಸುರಿದು ತುಂಗಾ, ಭದ್ರಾ ಜಲಾಶಯಗಳಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಹಿಂದಿನ ದಿನದ ಪತ್ರಿಕೆಯಲ್ಲಿ ಜಲಾಶಯದ ಹೊರಹರಿವು ನೋಡಿಕೊಂಡೇ ಹೊರಡಿ.

7. ಚೀಲದಲ್ಲಿ ಇರಲಿ

ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಚಟ್ನಿ ಎರಡು ದಿನ ಕೆಡುವುದಿಲ್ಲ. ತಲೆಗೆ ಎರಡು ಲೀಟರ್ ನೀರು, ದುರ್ಬೀನು, ಬ್ಯಾಟರಿ, ಸೊಳ್ಳೆ ಪರದೆ, ಪ್ರಥಮ ಚಿಕಿತ್ಸೆಯ ಡಬ್ಬಿ, ಕಸ ವಾಪಸ್ ತರಲು ಒಂದು ಚೀಲ. ಗುಡ್ಡದ ಸಂದಿನಲ್ಲಿ ನೆಟ್‌ವರ್ಕ್ ಸಿಗದಿರಬಹುದು. ಎಲ್ಲಿಗೆ, ಯಾವಾಗ ವಾಪಸ್ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ. ತುರ್ತಿಗೆ 112.

ಒಂದೇ ದಿನ ಇದ್ದರೆ?

ಎಲ್ಲವನ್ನೂ ತುರುಕಬೇಡಿ. ಬೆಳಗಿನ ಜಾವ ಅಂಕಸಮುದ್ರ, ಬಿಸಿಲೇರುವ ಮುಂಚೆ ಹಡಗಲಿ, ಅಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಮಲ್ಲಿಗೆಯ ನಾಲ್ಕು ಮೊಳ, ಇಳಿಹೊತ್ತಿಗೆ ಮದಲಗಟ್ಟಿ. ಗುಡ್ಡಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಿ. ಅವಸರದಲ್ಲಿ ಹೊತ್ತು ಮೀರಿ ಗುಡೇಕೋಟೆ ಹತ್ತಿದವರು ಇಳಿಯುವಾಗ ಕರಡಿ ಹೊರಬೀಳುವ ಹೊತ್ತಾಗಿರುತ್ತದೆ.