ಸಡಿಲವಾದ ಕೂಡಿಕೆಯಲ್ಲಿ ಹುಟ್ಟುವ ಬಿಸಿ

ನೀರು ಕಾಯಿಸುವ ಹೀಟರಿನ ಪ್ಲಗ್ಗು ಕೆಲವು ವೇಳೆ ಮುಟ್ಟಲಾಗದಷ್ಟು ಬಿಸಿಯಾಗಿರುವುದುಂಟು. ಅದೇ ಸಾಕೆಟ್ಟಿನಿಂದ ಮೇಜಿನ ದೀಪವನ್ನು ಉರಿಸಿದರೆ ಅದು ತಣ್ಣಗೇ ಇರುತ್ತದೆ. ಎರಡಕ್ಕೂ ದೊರೆಯುವ ವಿದ್ಯುತ್ತಿನ ಒತ್ತಡ ಒಂದೇ. ಹೀಗಿರಲು ಈ ಭೇದಕ್ಕೆ ಕಾರಣವೇನು? ಎರಡು ಸುಲಭವಾದ ಲೆಕ್ಕಗಳಿಂದ ಇದನ್ನು ತಿಳಿಯಬಹುದು.

ವಾಹಕವೊಂದರ ತುದಿಗಳ ನಡುವಣ ಒತ್ತಡಕ್ಕೂ ಅದರಲ್ಲಿ ಹರಿಯುವ ಪ್ರವಾಹಕ್ಕೂ ಇರುವ ಸಂಬಂಧವನ್ನು ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದನು. ವೋಲ್ಟುಗಳನ್ನು ಆಂಪೇರುಗಳಿಂದ ಭಾಗಿಸಿದರೆ ರೋಧವು ಓಮ್‌ಗಳಲ್ಲಿ ದೊರೆಯುವುದು. ವೋಲ್ಟುಗಳನ್ನು ಆಂಪೇರುಗಳಿಂದ ಗುಣಿಸಿದರೆ ಸಾಮರ್ಥ್ಯವು ವ್ಯಾಟ್‌ಗಳಲ್ಲಿ ದೊರೆಯುವುದು. ನಮ್ಮ ಹೀಟರು 230 ವೋಲ್ಟಿನಲ್ಲಿ 10 ಆಂಪೇರ್ ಪ್ರವಾಹವನ್ನು ಎಳೆಯುವುದೆನ್ನೋಣ. ಆಗ ಅದರ ರೋಧ 23 ಓಮ್. ಸಾಮರ್ಥ್ಯ 2,300 ವ್ಯಾಟ್. ಅರ್ಧ ಗಂಟೆ ಉರಿದರೆ 1.15 ಯೂನಿಟ್ ಖರ್ಚಾಗುವುದು.

ಈಗ ಪ್ಲಗ್ಗಿನೊಳಗೆ ತಂತಿಯನ್ನು ಹಿಡಿದಿರುವ ತಿರುಪು ಸಡಿಲವಾಗಿ, ಆ ಒಂದು ಕೂಡಿಕೆಯಲ್ಲಿ ಅರ್ಧ ಓಮ್ ರೋಧವು ಉಂಟಾಯಿತೆಂದು ಭಾವಿಸೋಣ. ಅಲ್ಲಿ ಹುಟ್ಟುವ ಬಿಸಿ ಎಷ್ಟು? ಒತ್ತಡದ ವರ್ಗವನ್ನು ರೋಧದಿಂದ ಭಾಗಿಸಿದರೂ ಸಾಮರ್ಥ್ಯ ಬರುವುದಷ್ಟೆ. ಆದರೆ ಇಲ್ಲಿ 230ರ ವರ್ಗವನ್ನು ಅರ್ಧದಿಂದ ಭಾಗಿಸಿದರೆ 1,05,800 ವ್ಯಾಟ್ ಎಂಬ ಅಸಂಭಾವ್ಯವಾದ ಉತ್ತರ ಬರುವುದು. ದೋಷವು ಸೂತ್ರದಲ್ಲಿಲ್ಲ. 230 ವೋಲ್ಟು ಇಡೀ ಮಂಡಲದ ಒತ್ತಡವೇ ಹೊರತು ಕೂಡಿಕೆಯೊಂದರದಲ್ಲ. ಯಾವ ಭಾಗದ ಲೆಕ್ಕವನ್ನು ಮಾಡುವೆವೋ ಆ ಭಾಗದ ಒತ್ತಡವನ್ನೇ ತೆಗೆದುಕೊಳ್ಳಬೇಕು.

ಕೂಡಿಕೆಯೂ ಹೀಟರೂ ಒಂದೇ ಸಾಲಿನಲ್ಲಿರುವುದರಿಂದ ಒಟ್ಟು ರೋಧ 23.5 ಓಮ್, ಪ್ರವಾಹ ಸುಮಾರು 9.8 ಆಂಪೇರ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಬಿಸಿಯ ಪ್ರಮಾಣವು ತಿಳಿಯುವುದೆಂದು ಇಂಗ್ಲೆಂಡಿನ ಜೂಲ್ 1841ರಲ್ಲಿ ಪ್ರಕಟಿಸಿದನು. ಅದರಂತೆ ಕೂಡಿಕೆಯಲ್ಲಿ ಹುಟ್ಟುವುದು ಸುಮಾರು 48 ವ್ಯಾಟ್. ಬೆಸುಗೆ ಹಾಕುವ ಸಣ್ಣ ಸಲಾಕೆಗೆ 25 ವ್ಯಾಟ್ ಸಾಕೆಂಬುದನ್ನು ನೆನೆದರೆ, ಕಡಲೆಕಾಳಿನಷ್ಟು ಜಾಗದಲ್ಲಿ ಇಷ್ಟು ಬಿಸಿ ಏನು ಮಾಡಬಲ್ಲುದೆಂದು ಊಹಿಸಬಹುದು. 60 ವ್ಯಾಟಿನ ಬಲ್ಬಾದರೋ 0.26 ಆಂಪೇರನ್ನು ಮಾತ್ರ ಎಳೆಯುವುದು. ಆಗ ಅದೇ ಕೂಡಿಕೆಯಲ್ಲಿ ಹುಟ್ಟುವುದು ಸುಮಾರು 0.03 ವ್ಯಾಟ್!

ಇನ್ನೊಂದು ಅಪಾಯವನ್ನೂ ಇಲ್ಲಿ ಕಾಣುತ್ತೇವೆ. ಬಿಸಿಯಿಂದ ಲೋಹದ ಮೇಲ್ಮೈ ಕಿಲುಬುಗಟ್ಟಿ ರೋಧವು ಹೆಚ್ಚುವುದು. ಅದು ಒಂದು ಓಮ್ ಆದಾಗ ಬಿಸಿ ಸುಮಾರು 92 ವ್ಯಾಟ್‌ಗೆ ಏರುವುದು. ಆದರೆ ಪ್ರವಾಹವು 9.6 ಆಂಪೇರಿಗೆ ಇಳಿದಿರುತ್ತದೆ. ಪ್ರವಾಹವು ಮಿತಿಮೀರಿದಾಗ ಮಾತ್ರ ಕರಗುವ ಫ್ಯೂಸಿಗೆ ಇದರ ಸುಳಿವೇ ಹತ್ತುವುದಿಲ್ಲ.

ಆದುದರಿಂದ ಪ್ಲಗ್ಗು ಬಿಸಿಯಾದರೆ, ಅದರ ಬಣ್ಣ ಕಂದಿದರೆ, ಸುಟ್ಟ ವಾಸನೆ ಬಂದರೆ, ಫ್ಯೂಸು ನೆಟ್ಟಗಿದೆಯೆಂದು ನೆಮ್ಮದಿಯಿಂದಿರಲಾಗದು. ಮುಖ್ಯ ಸ್ವಿಚ್ಚನ್ನು ಆರಿಸಿ, ತಿಳಿದವರಿಂದ ಕೂಡಿಕೆಯನ್ನು ಬಿಗಿ ಮಾಡಿಸಬೇಕು. ಸುಟ್ಟ ಪ್ಲಗ್ಗನ್ನೂ ಸಾಕೆಟ್ಟನ್ನೂ ಬದಲಾಯಿಸಬೇಕು. ಫ್ಯೂಸು ಕಾಣದ ಅಪಾಯವನ್ನು ನಮ್ಮ ಕಣ್ಣು ಮೂಗುಗಳು ಕಾಣಬಲ್ಲವು.